ನಂಬಲರ್ಹ ಮೂಲ

ಆ ದಿನ ಅರುಣಕುಮಾರನಿಗೆ ಒದಗಿದ ವಿಪತ್ತಿಗೆ ಕಾರಣವಾದದ್ದು ಕೇವಲ ಎರಡಕ್ಷರದ ಒಂದು ಶಬ್ದ. ಮನುಷ್ಯನನ್ನು ಕೆಡಿಸಲು ವಿಧಿಯು ಹಿಂದೆಲ್ಲ ಹಾವಿನ, ಸಿಡಿಲಿನ, ಸುಂದರಿಯ ರೂಪ ತಾಳುತ್ತಿತ್ತಂತೆ. ತಾತ್ಕಾಲಿಕ ಸಂಶೋಧಕನೊಬ್ಬನ ಸಲುವಾಗಿ ಅಷ್ಟೆಲ್ಲ ದುಡಿಮೆ ಏಕೆಂದು ಬಗೆಯಿತೋ ಏನೋ, ಅವನ ಪಾಲಿಗೆ ‘ಮೂಲ’ ಎಂಬ ಶಬ್ದವನ್ನು ಮಾತ್ರ ಕಳುಹಿಸಿ ಸುಮ್ಮನಾಯಿತು.

ಬರೆದು ಓದುವವರ ನಡುವೆ ಆ ಶಬ್ದಕ್ಕೆ ಒಂದು ಮಾತು ಹುಟ್ಟಿದ ತಾಣವೆಂದು ಅರ್ಥ. ಉಳಿದ ಲೋಕಕ್ಕೆ ಅದು ಕೂತವನನ್ನು ಏಳಿಸುವ, ಎದ್ದವನನ್ನು ಕೂರಗೊಡದ ಒಂದು ಗುಪ್ತ ವ್ಯಾಧಿಯ ಹೆಸರು. ಈ ಎರಡು ಅರ್ಥಗಳೂ ಕಲಬುರಗಿಯಲ್ಲಿ ಬಹುಕಾಲದಿಂದ ಒಂದರ ಮುಖವನ್ನೊಂದು ನೋಡದೆ ಸುಖವಾಗಿ ಬಾಳಿಕೊಂಡಿದ್ದವು. ಅವೆರಡನ್ನೂ ಒಂದೇ ಅಂಗಳಕ್ಕೆ ಕರೆತಂದ ಕೀರ್ತಿ ಅರುಣಕುಮಾರನದು.

ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ‘ಲೋಕನೀತಿ ಅಧ್ಯಯನ ಕೇಂದ್ರ’ವೆಂಬ ಸಂಸ್ಥೆಯಿತ್ತು. ಕೆಳಗೆ ತಾಟು ಬಟ್ಟಲುಗಳು ಬೀಳುವ ಸದ್ದಿನ ನಡುವೆ ಮೇಲೆ ಜನಹಿತದ ಚಿಂತನೆ ನಡೆಯುತ್ತಿತ್ತು. ಅಲ್ಲಿ ಅರುಣಕುಮಾರ, ಸಂಜುಕುಮಾರ ಎಂಬ ಇಬ್ಬರು ತಾತ್ಕಾಲಿಕ ಸಂಶೋಧಕರು ಕಾಲು ಅದುರುವ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು ದುಡಿಯುತ್ತಿದ್ದರು. ಕಿಟಕಿಯ ಪಕ್ಕದಲ್ಲಿ ಮೆತ್ತೆ ಹಾಕಿದ, ಗಾಲಿಗಳುಳ್ಳ ಕುರ್ಚಿಯೊಂದು ಖಾಲಿ ಇತ್ತು. ಅದು ಕಾಯಂ ಸಂಶೋಧಕನ ಕುರ್ಚಿ. ವಾರ್ಷಿಕ ವರದಿಯಲ್ಲಿ ಯಾರ ಅಧ್ಯಾಯ ಅಲುಗಾಡದೆ ನಿಲ್ಲುವುದೋ ಆ ಕುರ್ಚಿ ಅವರಿಗೆ ಎಂದು ನಿರ್ದೇಶಕಿ ಶೀಲಾ ಮ್ಯಾಡಂ ಘೋಷಿಸಿದ್ದರು. ‘ತಾತ್ಕಾಲಿಕ’ ಎಂಬ ವಿಶೇಷಣವು ಇನಿಷಿಯಲ್ಲಿನಂತೆ ತನ್ನ ಹೆಸರಿಗೆ ಅಂಟಿಕೊಂಡುದರಿಂದ ಬೇಸತ್ತಿದ್ದ ಅರುಣಕುಮಾರ, ಯಾರೂ ಇಲ್ಲದಾಗ ಆ ಕುರ್ಚಿಯ ಗಾಲಿಗಳನ್ನು ಮೆಲ್ಲನೆ ಉರುಳಿಸಿ ನೋಡುತ್ತಿದ್ದ.

ಸಂಜುಕುಮಾರನ ಅಧ್ಯಾಯ ಮನೆಮದ್ದಿನ ಕುರಿತಾದುದು: ಜನ ಯಾವ ರೋಗಗಳನ್ನು ನಾಚಿಕೆಯಿಂದ ಮುಚ್ಚಿಟ್ಟು ದವಾಖಾನೆಗೆ ಹೋಗದೆ ಉಳಿಯುತ್ತಾರೆ ಎಂಬುದು ಅದರ ವಸ್ತು. ಮುಚ್ಚಿಟ್ಟವರು ಸಂಶೋಧಕನ ಮುಂದೆ ಮಾತ್ರ ಏಕೆ ಬಿಚ್ಚಿಯಾರು? ಒಬ್ಬ ರೋಗಿಯೂ ಬಾಯಿ ಬಿಡದೆ ಅವನ ಅಧ್ಯಾಯ ಒಣಗಿ ನಿಂತಿತ್ತು.

ಅರುಣಕುಮಾರನದು ಕಮಲಾಪುರದ ಕೆಂಬಾಳೆಯ ಅಧ್ಯಾಯ. ಅದರ ನಡುವೆ ಅವನು ಒಂದು ವಾಕ್ಯ ಬರೆದಿದ್ದ: “ಕಮಲಾಪುರದ ರೈತರು ಕೆಂಬಾಳೆಯನ್ನು ಕೈಬಿಡುತ್ತಿರುವುದು ನೀರಿನ ಕೊರತೆಯಿಂದಲ್ಲ, ಮಾರುವ ವ್ಯವಸ್ಥೆಯ ಕೊರತೆಯಿಂದ.” ವಾಕ್ಯ ಬಹಳ ಚೆಂದವಾಗಿತ್ತು. ಒಂದೇ ತೊಡಕೆಂದರೆ, ಹಾಗೆಂದು ಯಾರೂ ಹೇಳಿರಲಿಲ್ಲ.

ಆಧಾರಕ್ಕಾಗಿ ಅವನು ಅಂತರ್ಜಾಲ ಜಾಲಾಡಿದ. ಕೆಂಬಾಳೆ ಎಂದು ಶುರುವಾದ ಲೇಖನವೊಂದು ಅರ್ಧ ದಾರಿಯಲ್ಲಿ ಮುಖದ ಕಾಂತಿಯ ಕಡೆಗೆ ಹೊರಳಿಕೊಂಡಿತು. ವಾಟ್ಸ್ಯಾಪಿನಲ್ಲಿ ಬಂದ ಬರಹವನ್ನು ಯಾರು ಬರೆದರೆಂದು ಕಳಿಸಿದವರಿಗೂ ತಿಳಿಯದು. ಕಡೆಗೆ ಹಳೆಯ ಪತ್ರಿಕೆಯ ತುಣುಕೊಂದರಲ್ಲಿ ‘ಬಲ್ಲ ಮೂಲಗಳಿಂದ ತಿಳಿದುಬಂದಿದೆ’ ಎಂದಿದ್ದುದನ್ನು ಹಿಡಿದು ಕುಣಿಯುತ್ತ ಶೀಲಾ ಮ್ಯಾಡಮ್ಮರ ಬಳಿಗೆ ಹೋದ.

“ಬಲ್ಲ ಮೂಲ ಅಂದ್ರ ಯಾರ್ರೀ?” ಎಂದು ಅವರು ಕನ್ನಡಕವನ್ನು ಕೆಳಗಿಳಿಸಿದ್ದರು. “ಅದಕ್ಕ ಹೆಸರಿಲ್ಲೇನು, ಮನಿ ಮಠ ಇಲ್ಲೇನು? ನಂಬಲರ್ಹ ಮೂಲ ಅಂದ್ರ ಕಣ್ಣಾರೆ ಕಂಡವರಿರಬೇಕು. ತಿರುಗಿ ಕೇಳಿದ್ರೂ ಅದೇ ಮಾತ ಹೇಳಬೇಕು. ನಾಕು ಕಡಿಂದ ಕೇಳಿದ್ರೂ ಒಂದೇ ಉತ್ತರ ಬರಬೇಕು. ಅಂಥದ್ದ ತರ್ರಿ, ಇಲ್ಲಂದ್ರ ಆ ವಾಕ್ಯ ತೆಗೀರಿ.”

ಆ ವಾಕ್ಯ ತೆಗೆದರೆ ಅಧ್ಯಾಯವೇ ಕುಸಿಯುತ್ತಿತ್ತು. ವರದಿ ಸಂಜೆ ಅಚ್ಚಿಗೆ ಹೋಗಬೇಕಾಗಿದ್ದ ಆ ದಿನ, ಬೆಳಿಗ್ಗೆಯೇ ಮ್ಯಾಡಮ್ಮರ ಫೋನು ಬಂತು. ಬಾಡಿಗೆ ಕೋಣೆಯಲ್ಲಿ ಮಾತು ಸರಿಯಾಗಿ ಕೇಳಿಸದೆ ಅರುಣಕುಮಾರ ಅಂಗಳಕ್ಕೆ ಬಂದ. ಅಲ್ಲಿ ಮನೆಯೊಡತಿ ಪುತಳಾಬಾಯಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು.

“ಹೌದ್ರೀ ಮ್ಯಾಡಂ,” ಎಂದ ಅವನು ದೀನನಾಗಿ. “ನನ್ನ ತ್ರಾಸ ಎಲ್ಲಾ ಮೂಲದ್ದೇ ನೋಡ್ರಿ. ಭಾಳ ದಿನದಿಂದ ಅನುಭವಸಾಕತ್ತೀನಿ. ಕುಂತ್ರೂ ಅದೇ, ನಿಂತ್ರೂ ಅದೇ. ನಿದ್ದಿ ಸುದ್ದಾ ಇಲ್ರೀ... ಇವತ್ತ ಸಂಜೀ ತನಕ ಟೈಮ್ ಕೊಡ್ರಿ. ಎಷ್ಟೇ ತಿಣುಕಾಡಿದ್ರೂ ಚಿಂತಿಲ್ಲ, ಹೊರಗ ತೆಗದೇ ತೆಗೀತೀನಿ.”

ಪುತಳಾಬಾಯಿಯ ಕೈಯಲ್ಲಿದ್ದ ಮೊರ ನಿಂತುಹೋಯಿತು. ಗಾಳಿಗೆ ಹಾರಿದ ಹೊಟ್ಟು ಸಹ ಒಂದು ಕ್ಷಣ ಅಲ್ಲೇ ನಿಂತು ಕಿವಿಗೊಟ್ಟಂತೆ ತೋರಿತು.

“ತಮ್ಮಾ,” ಎಂದಳು ಅವಳು, ಫೋನು ಕೆಳಗಿಳಿದ ಕೂಡಲೇ. “ಇಷ್ಟ ದಿನ ಒಳಗೊಳಗೇ ನುಂಗಿಕೊಂಡಿದ್ಯಲ್ಲಪ್ಪಾ. ನನಗೊಂದ ಮಾತ ಹೇಳಬಾರದೇನು? ನಾ ಏನ್ ಹೊರಗಿನಾಕಿನಾ?”

“ಏನಂತ ಹೇಳ್ಲಿ ಕಾಕು. ಖಾತ್ರಿ ಅನ್ನೋರು ಒಬ್ಬರೂ ಸಿಗವಲ್ಲರು.”

“ಖಾತ್ರಿ ಇರೋರ ಬೇಕೇನು? ನನ್ನ ತವರಮನಿ ಕಮಲಾಪುರ. ಅಲ್ಲಿ ನಮ್ಮ ಅಣವೀರಪ್ಪ ಮಾವ ಅದಾನ. ಮೂಲ ಅಂದ್ರ ಸುತ್ತ ಹಳ್ಳಿಗೆಲ್ಲಾ ಅವಂದೇ ಹೆಸರು. ಅವರಪ್ಪ, ಅವರಜ್ಜ, ಎಲ್ಲಾರೂ ಇದೇ ಕೆಲಸಾನೇ ಮಾಡಿಕೋತ ಬಂದಾರ.”

ಕಮಲಾಪುರ ಎಂಬ ಹೆಸರು ಕೇಳಿ ಅರುಣಕುಮಾರ ಮೊರದ ಹತ್ತಿರಕ್ಕೆ ಸರಿದ. “ಅವರಿಗೆ ಕೆಂಪ ಬಾಳಿ ಬಗ್ಗೆ ಗೊತ್ತೇನು ಕಾಕು?”

“ಗೊತ್ತೇನು ಅಂತಾನ! ಕೆಂಪ ಬಾಳಿ ಇಲ್ದ ಅವನ ಕೆಲಸೇ ಮುಂದ ಸಾಗಂಗಿಲ್ಲ. ಸ್ವಂತ ತ್ವಾಟನೇ ಅದ.”

“ಮಂದಿ ನಂಬತಾರೇನು?”

ಪುತಳಾಬಾಯಿ ದನಿ ತಗ್ಗಿಸಿದಳು. “ದೊಡ್ಡ ದೊಡ್ಡ ಸಾಹೇಬರು ಬರ್ತಾರಪ್ಪಾ. ಹಿತ್ತಲ ಬಾಗಿಲಿಂದ ಬಂದು, ನಮ್ಮ ಹೆಸರ ಮಾತ್ರ ಎಲ್ಲೂ ತೆಗೀಬ್ಯಾಡ್ರಿ ಅಂತ ಕೈ ಮುಗದ ಹೋಗ್ತಾರ.”

ಅರುಣಕುಮಾರ ಪುಳಕಿತನಾದ. ಅಧಿಕಾರಿಗಳೇ ಗುಟ್ಟಾಗಿ ಬಂದು ಮಾಹಿತಿ ಪಡೆಯುವಂಥ ಮೂಲ! ಇಷ್ಟು ದಿನ ತಾನು ಯಾವ ಜಾಲತಾಣಗಳಲ್ಲಿ ಅಲೆಯುತ್ತಿದ್ದೆ, ಮೂಲವು ಮನೆಯೊಡತಿಯ ತವರಿನಲ್ಲಿ ಕೂತಿರುವಾಗ? ತಂದಿಟ್ಟಿದ್ದ ಸುಸಲಾ, ಅಂದರೆ ಒಗ್ಗರಣೆ ಮಂಡಕ್ಕಿ, ಮತ್ತು ಮಿರ್ಚಿ ಬಜ್ಜಿಯ ಪೊಟ್ಟಣ ಬಿಚ್ಚಿ ಲಗುಬಗೆಯಿಂದ ತಿನ್ನಲು ಕೂತ. ಪುತಳಾಬಾಯಿ ಗರುಡನಂತೆ ಎರಗಿ ಮಿರ್ಚಿಗಳನ್ನಷ್ಟೇ ಎತ್ತಿಕೊಂಡಳು.

“ಮಾವನ ಹಂತ್ಯಾಕ ಹೋಗೋ ದಿನ ಖಾರ ಮುಟ್ಟಬಾರದು.”

ಹಿರಿಯರ ದರ್ಶನಕ್ಕೆ ಮುನ್ನ ಖಾರ ತ್ಯಜಿಸುವ ಆಚಾರವೊಂದು ಕಮಲಾಪುರದ ಕಡೆ ಇರಬಹುದೆಂದು ಅರುಣಕುಮಾರ ತರ್ಕಿಸಿದ. ಮುಂದೆಂದಾದರೂ ಬಳಕೆಗೆ ಬಂದೀತೆಂದು ಅದನ್ನು ಮೊಬೈಲಿನಲ್ಲಿ ಟಿಪ್ಪಣಿ ಮಾಡಿಕೊಂಡ. ಅಷ್ಟರಲ್ಲಿ ಪುತಳಾಬಾಯಿ ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯ ಸಿದ್ದಣ್ಣನನ್ನು ಕರೆದು ಪಿಸುಗುಟ್ಟುತ್ತಿದ್ದಳು. ಸಿದ್ದಣ್ಣ ಆ ದಿನ ಕಮಲಾಪುರದ ಸಂತೆಗೆ ಹೊರಟಿದ್ದ. ಅವನ ಕಿವಿಗೆ ಬಿದ್ದ ಗುಟ್ಟು ಓಣಿಯ ಕೊನೆ ಮುಟ್ಟಲು ಒಂದು ಚಹಾ ಕುಡಿಯುವ ಹೊತ್ತು ಸಾಕಾಗುತ್ತಿತ್ತು.

*

ಬಸ್ಸು ಸಂತೆಯ ಜನರಿಂದ ತುಂಬಿ ತುಳುಕುತ್ತಿತ್ತು. ಸಿದ್ದಣ್ಣ ಮುಂದೆ ನುಗ್ಗಿ, ಒಂದೊಂದು ಸೀಟಿನ ಮೇಲೂ ಬಾಗಿ ಏನನ್ನೋ ಉಸುರುತ್ತ ಹೋದ. ಅವನು ಬಾಗಿದಲ್ಲೆಲ್ಲ ಜನರ ಮುಖದ ಮೇಲೆ ಕರುಣೆಯ ನೆರಳು ಹಾಯಿತು. ದಪ್ಪ ಮೀಸೆಯವನೊಬ್ಬ ತಾನಾಗಿ ಎದ್ದು ಸೀಟು ಬಿಟ್ಟ. ಪಕ್ಕದ ಮುದುಕಿ ಗಂಟಿನಿಂದ ಕೌದಿಯೊಂದನ್ನು ಎಳೆದು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಸಿದಳು.

“ಕೂಡಪ್ಪಾ, ಸಾವಕಾಶ ಕೂಡು. ರೋಡ ಖರಾಬ ಅದ, ಬಸ್ಸ ಎತ್ತಿ ಎತ್ತಿ ಒಗೀತದ.”

“ಇಷ್ಟೆಲ್ಲಾ ಯಾಕವ್ವಾ?”

“ನಿನ್ನ ಬ್ಯಾನಿ ನಮಗ ತಿಳೀತದೋ ಮಗನ.”

ಸಂಶೋಧಕರಿಗೆ ಈ ನಾಡಿನಲ್ಲಿ ಗೌರವವಿಲ್ಲವೆಂದು ಯಾರು ಹೇಳಿದರು? ಸಿಂಹಾಸನವೇರುವ ರಾಜಕುಮಾರನಂತೆ ಅರುಣಕುಮಾರ ಕೌದಿಯ ಮೇಲೆ ಆಸೀನನಾದ.

ಎದುರು ಸೀಟಿನಲ್ಲಿ ಜಹಾಂಗೀರ್ ಕೂತಿದ್ದ. ಕಲಬುರಗಿಯ ರೋಜಾ ಬಡಾವಣೆಯಲ್ಲಿ ಅವನದೊಂದು ಅತ್ತರಿನ ಅಂಗಡಿ. ಸಂತೆಯ ದಿನಗಳಲ್ಲಿ ಸೀಸೆಗಳ ಪೆಟ್ಟಿಗೆ ಹಿಡಿದು ಊರೂರು ತಿರುಗುತ್ತಿದ್ದ. ಅವನು ಆತ್ಮೀಯವಾಗಿ ಮುಂದಕ್ಕೆ ಬಾಗಿದ.

“ಬವಾಸೀರ್ ಏನ್ರೀ ಸಾಬ್?”

ಆ ಗುಪ್ತ ವ್ಯಾಧಿಗೆ ಉರ್ದುವಿನಲ್ಲಿ ಹಾಗೆನ್ನುತ್ತಾರೆ; ಆದರೆ ಉರ್ದು ಅರುಣಕುಮಾರನಿಗೆ ಆಟೋದವರೊಂದಿಗೆ ಚೌಕಾಸಿ ಮಾಡುವಷ್ಟೇ ಬರುತ್ತಿತ್ತು. ಬವಾಸೀರ್ ಎಂಬುವನು ಬಹಮನಿ ಸುಲ್ತಾನರ ಕಾಲದ ಯಾವನೋ ಇತಿಹಾಸಕಾರನಿರಬೇಕೆಂದು ಅವನು ಊಹಿಸಿದ. ಇಂಥ ಮಹನೀಯನ ಹೆಸರು ತನಗೆ ತಿಳಿಯದೆಂದು ಒಪ್ಪಿಕೊಳ್ಳುವುದು ಸಂಶೋಧಕನಿಗೆ ಶೋಭೆಯಲ್ಲ.

“ಇನ್ನೂ ಬವಾಸೀರ್ ತನಕ ಹೋಗಿಲ್ರೀ,” ಎಂದ ಗಂಭೀರವಾಗಿ. “ಆದ್ರ ಒಂದಿಲ್ಲೊಂದ ದಿನ ಮುಟ್ಟಲೇಬೇಕಲ್ಲ.”

“ತೋಬಾ! ಹಂಗನಬ್ಯಾಡ್ರಿ. ನಮ್ಮ ಅಬ್ಬಾಗ ಇತ್ತು.”

“ನಿಮ್ಮ ತಂದಿಯವರ ಹಂತ್ಯಾಕ ಇತ್ತಾ? ಮೂಲ? ಪ್ರತಿ ಇತ್ತೇನ್ರಿ?”

“ಪ್ರತಿ ದಿನಾ ಇತ್ರೀ! ಮಳೆಗಾಲ ಇಲ್ಲ, ಬ್ಯಾಸಗಿ ಇಲ್ಲ.”

“ಈಗ ಎಲ್ಲದ?”

“ಈಗೆಲ್ಲದ ಸಾಬ್. ಹೈದರಾಬಾದಿಗೆ ಒಯ್ದು ಕತ್ತರಿಸಿ ತೆಗಸಿಬಿಟ್ವಿ.”

“ಕತ್ತರಿಸಿಬಿಟ್ರಾ!” ಅರುಣಕುಮಾರ ಹಣೆ ಹಿಡಿದುಕೊಂಡ. “ಅಂಥಾ ಹಳೇದನ್ನ? ಜೋಪಾನ ಮಾಡಿ ಇಡಬೇಕಿತ್ತಲ್ರೀ! ನನ್ನಂಥವರು ಎಷ್ಟೋ ಮಂದಿ ಬಂದು ನೋಡ್ತಿದ್ದರು.”

ಜಹಾಂಗೀರ್ ಸಿದ್ದಣ್ಣನ ಕಡೆ ತಿರುಗಿ, ನೋವು ತಲೆಗೂ ಏರಿದೆ ಎಂಬರ್ಥದಲ್ಲಿ ಬೆರಳನ್ನು ಹಣೆಯ ಬಳಿ ತಿರುಗಿಸಿದ.

*

ಅಣವೀರಪ್ಪನ ಮನೆ ಕಮಲಾಪುರದ ಅಂಚಿನಲ್ಲಿತ್ತು. ಹಿತ್ತಿಲಾಚೆ ಬಾಳೆಯ ಎಲೆಗಳು ಅಲುಗುತ್ತಿದ್ದವು. ಪಡಸಾಲೆಯ ತೊಲೆಗೆ ಕೆಂಬಾಳೆಯ ಗೊನೆಯೊಂದು ನೇತಾಡುತ್ತಿತ್ತು. ಪುತಳಾಬಾಯಿಯ ಫೋನು ಆಗಲೇ ಬಂದಿದ್ದುದರಿಂದ ಮುದುಕ ಬಾಗಿಲಲ್ಲೇ ನಿಂತು ಕಾದಿದ್ದ.

“ಬಾ ತಮ್ಮಾ. ನಡ್ಯಾಕ ತ್ರಾಸ ಆಗಲಿಲ್ಲಲ್ಲ?”

“ಇಲ್ರೀ ಅಜ್ಜಾರ. ಮೂಲದ ಸಲುವಾಗಿ ಎಷ್ಟ ದೂರಾದ್ರೂ ನಡೀತೀನಿ.”

“ಧೈರ್ಯ ಅದ ನಿನಗ. ಬ್ಯಾರೆಯವರು ಎತ್ತಿನ ಗಾಡ್ಯಾಗ ಮಲಕೊಂಡ ಬರ್ತಾರ.”

ಅಣವೀರಪ್ಪನ ಹೆಂಡತಿ ಶಂಕ್ರಮ್ಮ ಒಳಗಿನಿಂದ ಸಿಂಬಿಯೊಂದನ್ನು ತಂದು ಚಾಪೆಯ ಮೇಲಿಟ್ಟಳು. ತುಂಬಿದ ಕೊಡ ತಲೆಯ ಮೇಲೆ ಅಲುಗದಿರಲೆಂದು ಹೆಂಗಸರು ಬಟ್ಟೆಯಿಂದ ಸುತ್ತಿಟ್ಟುಕೊಳ್ಳುವ ಬಳೆಯಂಥ ಆ ವಸ್ತುವಿನ ಮೇಲೆ ಅವನಿಗೆ ಕೂರಲು ಹೇಳಿದಳು. ಇದೂ ಒಂದು ಆಚಾರವಿರಬೇಕೆಂದು ಅರುಣಕುಮಾರ ತುಂಬಿದ ಕೊಡದಂತೆ ಅದರ ಮೇಲೆ ಅಲುಗದೆ ಕೂತ. ಸಂದರ್ಶನಕ್ಕೆ ಅಡಚಣೆ ಬಾರದಿರಲೆಂದು ಮೊಬೈಲಿಗೆ ಕರೆಗಳು ಬಾರದಂತೆ ಮಾಡಿ, ಧ್ವನಿಮುದ್ರಣ ಚಾಲೂ ಮಾಡಿ ನಡುವೆ ಇಟ್ಟ.

“ಅಜ್ಜಾರ, ಮೊದಲನೇ ಪ್ರಶ್ನಿ. ಎಲ್ಲಾದಕ್ಕೂ ಕಾರಣ ನೀರಿನ ಕೊರತಿ ಅಂತಾರ. ನೀವೇನಂತೀರಿ?”

“ಬರೋಬ್ಬರಿ ಅಂತಾರ. ನೀರ ಕಮ್ಮಿ ಆತು ಅಂದ್ರ ಗಟ್ಟಿ ಆಗ್ತದ.”

“ಹಣ್ಣೇನ್ರಿ?”

“ಹಣ್ಣ ತಿಂದ್ರ ಮೆತ್ತಗಾಗ್ತದ.”

ಅರುಣಕುಮಾರ ಗೊಂದಲಕ್ಕೊಳಗಾದ. ತನ್ನ ಚೆಂದದ ವಾಕ್ಯಕ್ಕೆ ಈ ಉತ್ತರ ವಿರುದ್ಧವಾಗಿತ್ತು. “ಹಂಗಲ್ರೀ ಅಜ್ಜಾರ. ನೀರಲ್ಲ, ಹೊರಗ ಹೋಗಾಕ ಸರಿಯಾದ ವ್ಯವಸ್ಥಾ ಇಲ್ಲ. ಅದಕ್ಕೇ ಇಷ್ಟೆಲ್ಲಾ ಕಷ್ಟ. ಅಲ್ಲೇನ್ರಿ?”

“ಯವ್ವಾ, ನಿಮ್ಮ ಮನ್ಯಾಗ ಅದಕ್ಕೂ ವ್ಯವಸ್ಥಾ ಇಲ್ಲೇನು!” ಎಂದು ಬಾಗಿಲ ಮರೆಯಿಂದ ಶಂಕ್ರಮ್ಮ ಮರುಗಿದಳು. “ಪುತಳಿ ಮನ್ಯಾಗ ಎಲ್ಲಾ ಅದ ಅಂತಿದ್ದಳಲ್ಲ.”

“ನಾ ರೈತರ ಮಾತ ಹೇಳಾಕತ್ತೀನ್ರೀ ಅಮ್ಮಾರ. ಕಮಲಾಪುರದ ಮಂದಿ ಕೆಂಪ ಬಾಳಿ ಬಿಡಾಕತ್ತಾರ. ಯಾಕಂದ್ರ ಮಾರಾಕ ವ್ಯವಸ್ಥಾ ಇಲ್ಲ. ನೀರಿಂದು ತ್ರಾಸಲ್ಲ. ಹೌದಲ್ರೀ ಅಜ್ಜಾರ? ನೀವ ಹೌದಂದ್ರ ನಾ ಬದಕ್ತೀನಿ.”

ಅಣವೀರಪ್ಪ ಹೆಂಡತಿಯ ಮುಖ ನೋಡಿದ. ನೋವಿನ ಭರದಲ್ಲಿ ಮಾತು ತಪ್ಪುವ ರೋಗಿಗಳನ್ನು ಅವನು ಎಷ್ಟೋ ಕಂಡಿದ್ದ. ಮೆಲ್ಲನೆ ಅರುಣಕುಮಾರನ ಭುಜ ತಟ್ಟಿ ಎಂದ: “ಹೌದು ತಮ್ಮಾ, ಹೌದು. ಬಾಳಿ ಬಿಟ್ಟಾರ. ಎಲ್ಲಾರೂ ಬಿಟ್ಟಾರ. ನೀರಲ್ಲ, ನೀ ಹೇಳಿದ್ದೇ ಖರೇ. ತಲಿ ಕೆಡಿಸ್ಕೋಬ್ಯಾಡ.”

ಮೊಬೈಲು ಎಲ್ಲವನ್ನೂ ಹಿಡಿದುಕೊಂಡಿತು. ಅರುಣಕುಮಾರನ ಕಣ್ಣ ಮುಂದೆ ಗಾಲಿಗಳುಳ್ಳ ಕುರ್ಚಿಯೊಂದು ತಾನಾಗಿ ಉರುಳುತ್ತ ಬಂದು ನಿಂತಿತು. ಅವನು ಕೈಮುಗಿದು ಏಳುವಷ್ಟರಲ್ಲಿ ಅಣವೀರಪ್ಪ ಕೈ ತೊಳೆದುಕೊಂಡು, ಬಟ್ಟಲಲ್ಲಿ ಕರ್ರಗಿನ ಮುಲಾಮು ಹಿಡಿದು ಒಳಕೋಣೆಯ ಬಾಗಿಲು ತೆರೆದ.

“ಮಾತ ಮುಗೀತಲ್ಲ? ಇನ್ನ ಒಳಗ ಬಂದು ಬೋರಲ ಮಲಕೋ. ನಾಚಬ್ಯಾಡ, ನಾ ನಿಮ್ಮಜ್ಜನ ವಾರಿಗೆ.”

ಅರುಣಕುಮಾರ ಮುಲಾಮು ನೋಡಿದ. ಸಿಂಬಿ ನೋಡಿದ. ಕೌದಿ, ಮಿರ್ಚಿ, ಜಹಾಂಗೀರನ ತಂದೆ, ಹೈದರಾಬಾದು, ಹಿತ್ತಿಲ ಬಾಗಿಲಿನಿಂದ ಬಂದ ಸಾಹೇಬರು, ಎಲ್ಲರೂ ಅವನ ಕಣ್ಣೆದುರು ಮೆರವಣಿಗೆಯಲ್ಲಿ ಹಾದುಹೋದರು. ಮೆರವಣಿಗೆಯ ಕೊನೆಯಲ್ಲಿ ಬವಾಸೀರ್ ಎಂಬ ಇತಿಹಾಸಕಾರನೂ ತಲೆ ತಗ್ಗಿಸಿ ನಡೆದ.

“ಅಜ್ಜಾರ!” ಎಂದು ಚೀರಿದ. “ನನಗ ಮೂಲ ಇಲ್ರೀ! ಮೂಲ ಇಲ್ಲ ಅಂತೇ ನಾ ಬಂದಿದ್ದು!”

“ಎಲ್ಲಾರೂ ಮೊದಲ ಹಂಗೇ ಅಂತಾರ. ಹೋದ ವಾರ ಒಬ್ಬ ಸಾಹೇಬರು ಬಂದಿದ್ರು, ಹೊರಸಿನ ಮ್ಯಾಲ ಮಲಗೋ ತನಕಾ ಇಲ್ಲಂತೇ ಅಂದ್ರು.”

“ದೇವರಾಣಿ ಇಲ್ರೀ! ಅದು ಬ್ಯಾರೆ ಮೂಲ!”

“ಬ್ಯಾರೆದೂ ಇರ್ತಾವ ತಮ್ಮಾ. ಒಳಗಿಂದು, ಹೊರಗಿಂದು. ನೋಡಿದ್ರ ತಿಳೀತದ.”

ಅರುಣಕುಮಾರ ಮೊಬೈಲು ಕಸಿದುಕೊಂಡು ಓಟ ಕಿತ್ತ. ಅವನ ಹಿಂದೆ ಶಂಕ್ರಮ್ಮ ಸಂತೆಯ ಬೀದಿಯವರೆಗೂ ಬೆನ್ನಟ್ಟಿ ಬಂದು, ನೂರಾರು ಜನರ ನಡುವೆ ಕೆಂಬಾಳೆಯ ಚಿಪ್ಪೊಂದನ್ನೂ ಸಿಂಬಿಯನ್ನೂ ಅವನ ಕೈಗೆ ತುರುಕಿದಳು. “ದವಾ ಬ್ಯಾಡಂದ್ರ ಬಿಡು, ಇವನ್ನಾದ್ರೂ ಒಯ್ಯಿ. ಇದನ್ನ ತಿನ್ನು, ಇದರ ಮ್ಯಾಲ ಕೂಡು!” ಎಂದು ಅವಳು ಹೇಳಿದ್ದು ಉಳ್ಳಾಗಡ್ಡಿಯ ರಾಶಿಯಾಚೆ ಚೌಕಾಸಿ ಮಾಡುತ್ತಿದ್ದ ಸಿದ್ದಣ್ಣನಿಗೂ ಸ್ಪಷ್ಟವಾಗಿ ಕೇಳಿಸಿತು.

ಮರಳುವ ಬಸ್ಸಿನಲ್ಲಿ ಸೀಟು ಖಾಲಿಯಿತ್ತು. ಸಿದ್ದಣ್ಣ ಸೀಟು ತಟ್ಟಿ ತಟ್ಟಿ ಕರೆದ. ಅರುಣಕುಮಾರ ಸಿಟ್ಟಿನಿಂದ, “ನಾ ಕೂಡಂಗಿಲ್ಲ, ನಿಂತೇ ಬರ್ತೀನಿ,” ಎಂದ.

“ಪಾಪ,” ಎಂದು ಸಿದ್ದಣ್ಣ ಪಕ್ಕದವನಿಗೆ ಹೇಳಿದ. “ಹೋಗಮುಂದ ಕೂಡೋವಷ್ಟಾದ್ರೂ ಇತ್ತು. ಈಗ ಅದೂ ಹೋತು.”

ಆದರೂ, ಹುಮನಾಬಾದ್ ರಸ್ತೆಯ ಗಾಳಿ ಮುಖಕ್ಕೆ ತಾಗುತ್ತ ತಾಗುತ್ತ ಅವನ ಮನಸ್ಸು ಶಾಂತವಾಯಿತು. ಮಾನ ಹೋದದ್ದು ನಿಜ; ಧ್ವನಿಮುದ್ರಣ ಉಳಿದಿತ್ತು. ಅಣವೀರಪ್ಪ ವೈದ್ಯನಿರಬಹುದು, ಬಾಳೆ ಬೆಳೆಯುವವನೂ ಹೌದು. ಕಂಡವನು, ಹೆಸರುಳ್ಳವನು, ಮನೆ ಇರುವವನು. ವಾಕ್ಯ ನಿಂತಿತು, ಅಧ್ಯಾಯ ನಿಂತಿತು. ಕುರ್ಚಿ ಸಿಕ್ಕ ಮೇಲೆ ಓಣಿಯವರು ಏನು ಆಡಿಕೊಂಡರೇನು?

*

ಕಚೇರಿಯಲ್ಲಿ ಅವನು ಕಾಲಿಟ್ಟ ಕೂಡಲೇ ಸಂಜುಕುಮಾರ ಎದ್ದು ನಿಂತ. ಶೀಲಾ ಮ್ಯಾಡಂ ಎಂದೂ ಇಲ್ಲದ ಮೃದುವಾದ ದನಿಯಲ್ಲಿ ಸ್ವಾಗತಿಸಿದರು.

“ಬರ್ರಿ ಅರುಣಕುಮಾರ್. ಕೂಡ್ರಿ... ಅಲ್ಲ, ನಿಲ್ರಿ. ನಿಮಗ ಹೆಂಗ ಅನುಕೂಲ ಹಂಗ.”

ಅರುಣಕುಮಾರ ಉತ್ತರವಾಗಿ ಧ್ವನಿಮುದ್ರಣವನ್ನು ಕೇಳಿಸಿದ. ‘ನೀ ಹೇಳಿದ್ದೇ ಖರೇ’ ಎಂಬ ಮಾತು ಕೋಣೆಯಲ್ಲಿ ಮೊಳಗಿತು. ಮ್ಯಾಡಂ ತಲೆದೂಗಿದರು.

“ಚಲೋ ಅದ. ಹೆಸರದ, ಊರದ. ಒಂದೇ ಕೆಲಸ ಉಳೀತು. ತಿರುಗಿ ಕೇಳೋದು.” ಅವರು ಮೇಜಿನ ಮೇಲಿನ ಚೀಟಿಯೊಂದನ್ನು ನೋಡಿ ಕರೆ ಮಾಡಿದರು. ಆ ಸಂಖ್ಯೆ ಅವರಿಗೆ ಎಲ್ಲಿಂದ ದೊರೆಯಿತೆಂದು ಅರುಣಕುಮಾರ ಯೋಚಿಸುವ ಮೊದಲೇ ಅಣವೀರಪ್ಪನ ದನಿ ಕೇಳಿಬಂತು.

“ಅಣವೀರಪ್ಪನವರ್ರೀ? ಮುಂಜಾನಿ ನಿಮ್ಮ ಹಂತ್ಯಾಕ ಬಂದಿದ್ದ ಹುಡುಗಗ ಏನೋ ಹೇಳೀರಂತಲ್ಲ, ಮಂದಿ ಕೆಂಪ ಬಾಳಿ ಬಿಡಾಕತ್ತಾರ ಅಂತ...”

“ಅಯ್ಯ, ಆ ಹುಡುಗನ್ರೀ?” ಮುದುಕನ ದನಿ ಕರುಣೆಯಿಂದ ಒದ್ದೆಯಾಯಿತು. “ಭಾಳ ಬ್ಯಾನಿ ತಿನ್ನಾಕತ್ತಾನ್ರೀ ಬಾಯಾರ. ಏನೇನೋ ಬಡಬಡಸ್ತಿದ್ದ. ಬ್ಯಾನಿ ಇದ್ದವರ ಮುಂದ ಇಲ್ಲ ಅನಬಾರದು ಅಂತ ನಮ್ಮಪ್ಪ ಕಲಸ್ಯಾನ. ಅದಕ್ಕ ಅವ ಅಂದಿದ್ದಕ್ಕೆಲ್ಲಾ ಹೂಂ ಅಂದೆ. ಚಂದ್ರ ಚೌಕ ಅದಾನ ಅಂದಿದ್ರೂ ಹೂಂ ಅಂತಿದ್ದೆ. ಖರೇ ಹೇಳಬೇಕಂದ್ರ, ನಾನೇ ಈ ಸಲ ಇನ್ನೊಂದೀಟು ಹೊಲಕ್ಕ ಕೆಂಪ ಬಾಳಿ ಹಚ್ಚೀನಿ. ಮಾರೋದೇನು, ಮಂದಿ ಮನೀಗೇ ಬಂದು ಒಯ್ತಾರ. ಆ ಹುಡುಗ ಸಿಕ್ರ, ಮುಲಾಮ ತಯಾರದ ಅಂತ ಹೇಳ್ರಿ.”

ಕೆಳಗಿನ ಅಂಗಡಿಯಲ್ಲಿ ಯಾವುದೋ ತಾಟು ಬಿದ್ದು ಬಹಳ ಹೊತ್ತು ಗಿರಗಿರನೆ ಸುತ್ತಿ ಸುಮ್ಮನಾಯಿತು. ಅರುಣಕುಮಾರನ ಅಧ್ಯಾಯವೂ ಅದರ ಜೊತೆಗೇ ಸುಮ್ಮನಾಯಿತು.

“ಅದ್ಯಾಕ್ರೀ ಅಷ್ಟ ತ್ರಾಸಿನಾಗ ಕೆಲಸಕ್ಕ ಹೋದ್ರಿ?” ಎಂದರು ಮ್ಯಾಡಂ. “ಮುಂಜಾನಿ ಫೋನಿನಾಗ ನೀವ ಅಂದಿದ್ದ ನಾ ಬ್ಯಾರೆನೇ ತಿಳಕೊಂಡಿದ್ದೆ. ಮಧ್ಯಾಹ್ನ ನಿಮ್ಮ ಫೋನ ಹತ್ತಲಿಲ್ಲ. ನಿಮ್ಮ ಬಾಡಿಗಿ ಮನಿಯವರಿಗೆ ಹಚ್ಚಿದೆ. ಅವರು ಎಲ್ಲಾ ಹೇಳಿದ್ರು, ವೈದ್ಯರದೂ ಸಿದ್ದಣ್ಣಂದೂ ನಂಬರ ಕೊಟ್ರು.”

“ಮ್ಯಾಡಂ, ನನಗ ಆ ಮೂಲ ಇಲ್ರೀ! ಖರೇನೇ ಇಲ್ರೀ!”

“ಬರಕೋರಿ ಸಂಜುಕುಮಾರ್,” ಎಂದರು ಮ್ಯಾಡಂ ತಗ್ಗಿದ ದನಿಯಲ್ಲಿ. “ಇದನ್ನೂ ಬರಕೋರಿ.”

ಆಗ ಅರುಣಕುಮಾರ ಮೇಜಿನ ಮೇಲೆ ಅಚ್ಚಿಗೆ ಸಿದ್ಧವಾಗಿದ್ದ ಹಾಳೆಯನ್ನು ನೋಡಿದ. ಮಧ್ಯಾಹ್ನದವರೆಗೆ ಒಣಗಿ ನಿಂತಿದ್ದ ಮನೆಮದ್ದಿನ ಅಧ್ಯಾಯ ಮಳೆ ಕಂಡ ಹೊಲದಂತೆ ಚಿಗುರಿತ್ತು. ಅದರಲ್ಲಿ ಹೀಗೆ ಬರೆದಿತ್ತು: “ನಗರವಾಸಿಯೂ ಸುಶಿಕ್ಷಿತನೂ ಆದ ಅ. ಕು. ಎಂಬ ಯುವಕನು ಬಹುಕಾಲದಿಂದ ಮೂಲವ್ಯಾಧಿಯಿಂದ ಬಳಲುತ್ತಿದ್ದು, ದವಾಖಾನೆಗೆ ಹೋಗದೆ ಕಚೇರಿ ಕೆಲಸದ ನೆಪದಲ್ಲಿ ಕಮಲಾಪುರದ ನಾಟಿ ವೈದ್ಯರಲ್ಲಿಗೆ ತೆರಳಿದನು. ಮನೆಯೊಡತಿ, ಸಹಪ್ರಯಾಣಿಕ ಹಾಗೂ ವೈದ್ಯ, ಈ ಮೂವರನ್ನೂ ಬೇರೆಬೇರೆಯಾಗಿ, ತಿರುಗಿ ತಿರುಗಿ ವಿಚಾರಿಸಲಾಗಿ ಒಂದೇ ಉತ್ತರ ದೊರೆಯಿತು.” ಕೆಳಗಿನ ಅಡಿಟಿಪ್ಪಣಿಯ ಶಾಯಿ ಸಂಜುಕುಮಾರನ ಪೆನ್ನಿನಿಂದ ಅದೇ ಈಗ ಇಳಿಯುತ್ತಿತ್ತು: “ರೋಗಿಯು ಕೊನೆಯವರೆಗೂ ತನಗೆ ವ್ಯಾಧಿಯಿಲ್ಲವೆಂದೇ ಸಾಧಿಸಿದನು. ಈ ನಾಚಿಕೆಯೇ ಪ್ರಸ್ತುತ ಅಧ್ಯಾಯದ ಮುಖ್ಯ ಪ್ರತಿಪಾದನೆ.”

“ಈ ಕೇಂದ್ರ ಶುರು ಆದಾಗಿಂದ ಇಷ್ಟ ಗಟ್ಟಿ ಮೂಲ ಯಾವ ವಾಕ್ಯಕ್ಕೂ ಸಿಕ್ಕಿದ್ದಿಲ್ಲ,” ಎಂದು ಮ್ಯಾಡಂ ಹೆಮ್ಮೆಯಿಂದ ನುಡಿದರು. ಸಂಜುಕುಮಾರ ಕೃತಜ್ಞತೆಯಿಂದ ತೇವವಾದ ಕಣ್ಣುಗಳನ್ನು ಒರೆಸಿಕೊಂಡ. “ನಿನ್ನ ಉಪಕಾರ ಮರ್ಯಂಗಿಲ್ಲೋ ಅರುಣ್ಯಾ,” ಎಂದವನೇ ಗಾಲಿಗಳುಳ್ಳ ಕುರ್ಚಿಯ ಮೇಲೆ ಕೂತು, ಮೆಲ್ಲನೆ ಒಂದು ಸುತ್ತು ತಿರುಗಿದ.

ಅರುಣಕುಮಾರ ಕೆಳಗಿಳಿದ. ಸ್ಟೇಷನ್ ರಸ್ತೆಯಲ್ಲಿ ಮಿರ್ಚಿ ಬಂಡಿಯೊಂದು ಎಣ್ಣೆ ಕಾಸುತ್ತಿತ್ತು. ಲೋಕವೆಲ್ಲ ಒಟ್ಟುಗೂಡಿ ಹೊರಿಸಿದ ವ್ಯಾಧಿ ತನಗಿಲ್ಲವೆಂದು ಯಾರಿಗಾದರೂ ಸಾಬೀತುಪಡಿಸಲೇಬೇಕೆಂಬ ಛಲ ಅವನಲ್ಲಿ ಹುಟ್ಟಿತು. ಪಕ್ಕದ ಬರಿಗಲ್ಲಿನ ಮೇಲೆ, ಹೋಗಿಬರುವವರಿಗೆಲ್ಲ ಕಾಣುವಂತೆ ಭದ್ರವಾಗಿ ಕೂತ.

“ಬಿಸಿ ಬಿಸಿ ಕೊಡು. ಖಾರ ಇದ್ದದ್ದೇ ಕೊಡು,” ಎಂದ. “ನಾ ಸಾಕನ್ನೋ ತನಕ ಕೊಡಕೋತ ಇರು.”

ಬಂಡಿಯವನು ಕೊಡುತ್ತ ಹೋದ. ದಾರಿಯಲ್ಲಿ ಹಾದು ಹೋಗುತ್ತಿದ್ದ ಸಿದ್ದಣ್ಣ ನಿಂತು, ಕೈ ಮುಗಿದು ಮುಂದೆ ನಡೆದ.

ಮರುದಿನ ಬೆಳಿಗ್ಗೆ ಪುತಳಾಬಾಯಿ ಮೊರ ಹಿಡಿದು ಅಂಗಳಕ್ಕೆ ಬಂದಾಗ ಅರುಣಕುಮಾರ ಗೋಡೆಗೆ ಆತು ನಿಂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. ಪಕ್ಕದ ಕಟ್ಟೆಯ ಮೇಲೆ ಕೂರಲು ಒಮ್ಮೆ ಬಗ್ಗಿ, ಬೆಂಕಿ ಮುಟ್ಟಿದವನಂತೆ ಮತ್ತೆ ನೆಟ್ಟಗಾದ. ಆ ಹೊತ್ತಿಗೆ ವರದಿಯ ಮೊದಲ ಪುಟಗಳು ಅಚ್ಚಿನ ಯಂತ್ರದಿಂದ ಹೊರಬೀಳುತ್ತಿದ್ದವು. ಅವುಗಳಲ್ಲಿ ಇದ್ದ ಒಂದೇ ಒಂದು ಸುಳ್ಳೂ ರಾತ್ರಿ ಕಳೆಯುವುದರೊಳಗೆ ನಿಜವಾಗಿಬಿಟ್ಟಿತ್ತು.

“ಯಾಕ ತಮ್ಮಾ?” ಎಂದಳು ಪುತಳಾಬಾಯಿ.

“ಕಾಕು,” ಎಂದ ಅವನು ನೆಲ ನೋಡುತ್ತ, “ನಿನ್ನೆ ನಾ ತಂದಿದ್ದ ಆ ಸಿಂಬಿ ಎಲ್ಲಿಟ್ಟೀರಿ?”